ವಿದ್ಯುಜ್ಜಾಲದಲ್ಲಿ ಕಾಲಗಣನೆ ಮತ್ತು ಪ್ರಾವಸ್ಥಾಮಾಪನ

ದೀಪ ಬೆಳಗಿಸಲೆಂದು ತಂತಿಯಲ್ಲಿ ಹರಿಸಿದ ಪರ್ಯಾಯ ವಿದ್ಯುತ್ತು ತನ್ನ ಏರಿಳಿತಗಳಿಂದ ಕಾಲವನ್ನೂ ಎಣಿಸಬಲ್ಲುದೆಂಬುದನ್ನು ವ್ಯವಹಾರಕ್ಕೆ ತಂದವರಲ್ಲಿ ಅಮೆರಿಕದ ಹೆನ್ರಿ ವಾರೆನ್ ಪ್ರಮುಖನು. 1916ರಲ್ಲಿ ಬಾಸ್ಟನ್ನಿನ ವಿದ್ಯುದಾಗಾರಕ್ಕೆ ಆತನು ಒದಗಿಸಿದ ಗಡಿಯಾರದಲ್ಲಿ ಒಂದು ಮುಳ್ಳು ಲೋಲಕದಿಂದಲೂ ಮತ್ತೊಂದು ಜಾಲದ ಆವರ್ತಗಳಿಂದಲೂ ನಡೆಯುತ್ತಿದ್ದುವು. ಎರಡೂ ಅಗಲದಂತೆ ಯಂತ್ರಗಳ ವೇಗವನ್ನು ತಿದ್ದುವುದು ನಿರ್ವಾಹಕನ ಕರ್ತವ್ಯವಾಗಿತ್ತು.

ನಮ್ಮ ಸೀಮೆಯಲ್ಲಾದರೋ ಆರಂಭ ಬೇರೆಯದು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹರಿದ ವಿದ್ಯುತ್ತು ಸೆಕೆಂಡಿಗೆ 25 ಆವರ್ತಗಳದು. 1948ರಲ್ಲಿ ಜೋಗದಿಂದ ಬಂದುದು 50 ಆವರ್ತಗಳದು. ಈ ಎರಡು ತಾಳಗಳು ಒಂದೇ ತಂತಿಯಲ್ಲಿ ನೇರವಾಗಿ ಕೂಡಲಾರವು.

50 ಆವರ್ತಗಳೆಂಬ ನಿಯಮವೂ ಬಹುಕಾಲ ಹೆಸರಿಗಷ್ಟೇ ಇದ್ದಿತು. ಬೇಡಿಕೆ ಉತ್ಪಾದನೆಯನ್ನು ಮೀರಿದಾಗಲೆಲ್ಲ ಜನಕಗಳ ವೇಗ ಕುಗ್ಗಿ ಆವೃತ್ತಿ ಇಳಿಯುವುದರಿಂದ, ದಕ್ಷಿಣ ಜಾಲದಲ್ಲಿ ಅದು 48.5ಕ್ಕೆ ಬಂದಾಗ ದೊಡ್ಡಬಳ್ಳಾಪುರದ ವಿದ್ಯುನ್ಮಗ್ಗಗಳನ್ನು ನಡೆಸುವ ನಾಲ್ಕು ಧ್ರುವದ ಮೋಟಾರಿನ ಕಾಂತಕ್ಷೇತ್ರವು ನಿಮಿಷಕ್ಕೆ 1500ರ ಬದಲು 1455 ಸುತ್ತು ಮಾತ್ರ ತಿರುಗುವುದು. ನೇಯ್ಗೆಯ ಗತಿಯೂ ಅಷ್ಟೇ ತಗ್ಗುವುದು. ಅದೇ ತಂತಿಯನ್ನು ನಂಬಿದ ಗಡಿಯಾರವು ಆ ಗತಿಯಲ್ಲೇ ದಿನವಿಡೀ ನಡೆದರೆ 43 ನಿಮಿಷ ಹಿಂದೆ ಬೀಳುವುದು. 2003ರ ಜನವರಿಯಲ್ಲಿ ದಕ್ಷಿಣ ವಲಯಕ್ಕೆ ಬಂದ, ಆವೃತ್ತಿಯನ್ನನುಸರಿಸಿ ದರ ಬದಲಾಗುವ ಪದ್ಧತಿಯೇ ಈ ಅಶಿಸ್ತಿಗೆ ಮೊದಲ ಸಮರ್ಥ ಕಡಿವಾಣವೆಂದು ನನ್ನ ಅಭಿಪ್ರಾಯ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಮಾರ್ಗದ ಮೂಲಕ ದಕ್ಷಿಣ ಜಾಲವು ದೇಶದ ಉಳಿದ ಜಾಲದೊಡನೆ ಬೆಸೆದುಕೊಂಡಿತು. ಅಂದಿನಿಂದ ದೇವನಹಳ್ಳಿಯ ಮನೆಯೊಂದರ ತಂತಿಯೂ ದೆಹಲಿಯ ತಂತಿಯೂ ಒಂದೇ ಎಣಿಕೆಯಲ್ಲಿ ಮಿಡಿಯುತ್ತಿವೆ.

ಎಣಿಕೆ ಒಂದಾದರೂ ಏರಿಳಿತದ ಶಿಖರವು ಎಲ್ಲೆಡೆ ಒಂದೇ ಕ್ಷಣಕ್ಕೆ ಒದಗದು. ತಾಳಗುಪ್ಪದಿಂದ ನೆಲಮಂಗಲದ 400 ಕಿಲೋವೋಲ್ಟ್ ಸ್ವೀಕರಣಾ ಕೇಂದ್ರಕ್ಕೆ ವಿದ್ಯುತ್ತು ಹರಿಯುವಾಗ ನೆಲಮಂಗಲದ ತರಂಗವು ಕೊಂಚ ಹಿಂದಿರುತ್ತದೆ. ಈ ಪ್ರಾವಸ್ಥಾಂತರ ಹಿಗ್ಗಿದಷ್ಟೂ ಮಾರ್ಗದ ಹೊರೆ ಹೆಚ್ಚೆಂದು ಸ್ಥೂಲವಾಗಿ ತಿಳಿಯಬಹುದು, ಅತಿಯಾದರೆ ಜಾಲವೇ ಸಿಡಿದು ಬೇರೆಯಾಗುವುದು. ಆದರೆ ದೂರದ ಎರಡು ಊರುಗಳ ತರಂಗಗಳನ್ನು ಹೋಲಿಸಲು ಎರಡೂ ಕಡೆ ಒಂದೇ ಕಾಲವನ್ನು ತೋರುವ ಗಡಿಯಾರಗಳು ಬೇಕು. ಒಂದು ಆವರ್ತ 20 ಮಿಲಿಸೆಕೆಂಡಿನದಾದುದರಿಂದ ಗಡಿಯಾರದಲ್ಲಿ ಒಂದೇ ಮಿಲಿಸೆಕೆಂಡು ತಪ್ಪಿದರೂ ಕೋನದಲ್ಲಿ 18 ಡಿಗ್ರಿ ತಪ್ಪುವುದು. ಮೈಕ್ರೋಸೆಕೆಂಡಿನಷ್ಟು ತಪ್ಪಿದರೆ 0.018 ಡಿಗ್ರಿ ಮಾತ್ರ. ಆ ನಿಖರತೆಯನ್ನು ಉಪಗ್ರಹಗಳ ಕಾಲಸಂಕೇತ ಒದಗಿಸಿತು. ಅದನ್ನು ಆಧರಿಸಿ ಅರುಣ್ ಫಡ್ಕೆ ಮತ್ತು ಜೇಮ್ಸ್ ಥಾರ್ಪ್ ಅವರು 1988ರಲ್ಲಿ ವರ್ಜೀನಿಯಾ ಟೆಕ್‌ನಲ್ಲಿ ಪ್ರಾವಸ್ಥಾಮಾಪಕವನ್ನು ರೂಪಿಸಿದರು. ವಾರೆನ್ನನ ಕಾಲದಲ್ಲಿ ಮನೆಮನೆಯ ಗಡಿಯಾರವನ್ನು ನಡೆಸುತ್ತಿದ್ದ ಜಾಲವೇ ಈಗ ತನ್ನ ಸ್ಥಿತಿಯನ್ನರಿಯಲು ಗಡಿಯಾರವನ್ನು ಆಶ್ರಯಿಸಿದೆ.

ಈ ಪರಿವರ್ತನೆಯ ಮುಖ್ಯ ಸಾಕ್ಷ್ಯಗಳು ಹಳೆಯ ಸ್ವೀಕರಣಾ ಕೇಂದ್ರಗಳಲ್ಲಿ ಗಂಟೆಗೊಮ್ಮೆ ಆವೃತ್ತಿಯನ್ನು ಬರೆದಿಟ್ಟ ಲಾಗ್ ಪುಸ್ತಕಗಳು. ರದ್ದಿಗೆ ಹೋಗುವ ಮುನ್ನ ಅವನ್ನು ಪತ್ರಾಗಾರಕ್ಕೆ ಸೇರಿಸಬೇಕೆಂದು ಸಂಬಂಧಪಟ್ಟವರೆಲ್ಲರನ್ನೂ ಪ್ರಾರ್ಥಿಸುತ್ತೇನೆ.