ವಿಕಾಸವೃಕ್ಷದ ಸಮತೋಲ ಸೂಚ್ಯಂಕಗಳು

ಬೇರುಳ್ಳ ವಿಕಾಸವೃಕ್ಷದ ಕವಲುಗಳು ಎರಡೂ ಬದಿಗೆ ಸಮನಾಗಿ ಹರಡಿವೆಯೋ, ಒಂದೇ ಕಡೆ ವಾಲಿವೆಯೋ ಎಂಬುದನ್ನು ಒಂದು ಸಂಖ್ಯೆಯಲ್ಲಿ ಹಿಡಿದಿಡುವ ಅಳತೆಗಳಿವು. ಇವುಗಳ ಗಣಿತದ ಬುನಾದಿ ಅಳತೆಗಳಿಗಿಂತ ಹಳೆಯದು. ಸಿಲೋನಿನಲ್ಲಿ ಕೆಲಸ ಮಾಡಿದ ಸಸ್ಯವಿಜ್ಞಾನಿ ಜೆ. ಸಿ. ವಿಲ್ಲಿಸ್ ಅವರ ವಿಚಾರಗಳನ್ನು ಆಧರಿಸಿ ಬ್ರಿಟನ್ನಿನ ಸಂಖ್ಯಾಶಾಸ್ತ್ರಜ್ಞ ಜಿ. ಉಡ್ನಿ ಯೂಲ್ 1925ರಲ್ಲಿ ಒಂದು ಮಾದರಿ ಕಟ್ಟಿದರು. ಯಾವ ಕ್ಷಣದಲ್ಲೂ ಎಲ್ಲ ಪ್ರಭೇದಗಳಿಗೂ ಕವಲೊಡೆಯುವ ಸಂಭವ ಒಂದೇ ಎಂಬುದು ಅದರ ತಿರುಳು.

ಅಳತೆಗಳು ಬಂದದ್ದು ಸುಮಾರು ಅರ್ಧ ಶತಮಾನದ ನಂತರ. ವೃಕ್ಷಚಿತ್ರಗಳಲ್ಲಿ ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಎಂದು ಎಂ. ಜೆ. ಸ್ಯಾಕಿನ್ 1972ರಲ್ಲಿ ಚರ್ಚಿಸಿದರು. ಬೇರಿನಿಂದ ಪ್ರತಿ ಎಲೆಗೆ, ಅಂದರೆ ತುದಿಯ ಪ್ರಭೇದಕ್ಕೆ, ಇರುವ ಮೆಟ್ಟಿಲುಗಳ ಮೊತ್ತಕ್ಕೆ ಇಂದು ಅವರದೇ ಹೆಸರು. ಆಸ್ಟ್ರೇಲಿಯಾದ ಕೀಟವಿಜ್ಞಾನಿ ಡೊನಾಲ್ಡ್ ಕೊಲೆಸ್ 1982ರಲ್ಲಿ ಪ್ರತಿ ಕವಲಿನ ಎಡಬಲದ ಎಲೆಗಳ ವ್ಯತ್ಯಾಸವನ್ನು ಕೂಡಿಸುವ ಸೂಚ್ಯಂಕ ಕೊಟ್ಟರು, ಅದೂ ಒಂದು ಪುಸ್ತಕ ವಿಮರ್ಶೆಯ ನಡುವೆ!

ನಾಲ್ಕು ಎಲೆಗಳ ವೃಕ್ಷಕ್ಕೆ ಎರಡೇ ಆಕಾರ. ಎರಡೆರಡಾಗಿ ಒಡೆದರೆ ಕೊಲೆಸ್ ಮೌಲ್ಯ 0, ಸ್ಯಾಕಿನ್ 8. ಒಂದೊಂದೇ ಎಲೆ ಕಳಚುತ್ತ ಹೋಗುವ ‘ಕಂಬಳಿಹುಳು’ ಆಕಾರದಲ್ಲಿ ಕೊಲೆಸ್ 2+1+0, ಅಂದರೆ 3; ಸ್ಯಾಕಿನ್ 9. ವಾಲಿದ ಆಕಾರ ಕಂಡೊಡನೆ ಯಾವುದೋ ವಂಶ ವಿಶೇಷವಾಗಿ ಬೆಳೆದಿದೆ ಎಂದು ತೀರ್ಮಾನಿಸಿದರೆ ಎಡವಿದಂತೆಯೇ. ಮೂರು ಎಲೆಗಳ ವೃಕ್ಷ ನಾಲ್ಕಕ್ಕೆ ಬೆಳೆಯುವಾಗ ಒಂಟಿ ಎಲೆ ಕವಲೊಡೆದರೆ ಮಾತ್ರ ಸಮತೋಲ ಬರುತ್ತದೆ. ಉಳಿದೆರಡರಲ್ಲಿ ಯಾವುದು ಒಡೆದರೂ ಕಂಬಳಿಹುಳುವೇ. ಹಾಗಾಗಿ ಯೂಲ್ ಮಾದರಿಯಲ್ಲೇ, ಯಾರಿಗೂ ಪಕ್ಷಪಾತವಿಲ್ಲದೆ, ಅದರ ಸಂಭವ 2/3. ಎಲೆಗಳಿಗೆ ಹೆಸರಿಟ್ಟು ಸಿಗುವ 15 ವೃಕ್ಷಗಳಿಗೂ ಸಮಾನ ಅವಕಾಶ ಕೊಟ್ಟರೆ ಅದು 12/15ಕ್ಕೇರುತ್ತದೆ. ಯಾವ ಮಾದರಿಯ ಎದುರು ಎಂದು ಹೇಳದ ಸೂಚ್ಯಂಕಕ್ಕೆ ಅರ್ಥ ಕಡಿಮೆ.

1990ರಲ್ಲಿ ಶಾವ್ ಮತ್ತು ಸೋಕಲ್ ಹಲವು ಅಳತೆಗಳನ್ನು ಒಟ್ಟಿಗೆ ತೂಗಿದರು. 1993ರಲ್ಲಿ ಕರ್ಕ್‌ಪ್ಯಾಟ್ರಿಕ್ ಮತ್ತು ಸ್ಲ್ಯಾಟ್‌ಕಿನ್ ಅವುಗಳ ಪತ್ತೆಹಚ್ಚುವ ಸಾಮರ್ಥ್ಯವನ್ನು ಹೋಲಿಸಿದರು. ಜೋಡಿ ಎಲೆಗಳನ್ನಷ್ಟೇ ಎಣಿಸುವ ‘ಚೆರ್ರಿ’ ಲೆಕ್ಕವನ್ನು ಮೆಕೆಂಜಿ ಮತ್ತು ಸ್ಟೀಲ್ 2000ದಲ್ಲಿ ಬಿಡಿಸಿದರು: n ಎಲೆಗಳ ದೊಡ್ಡ ವೃಕ್ಷದಲ್ಲಿ ಯೂಲ್ ಮಾದರಿಯಂತೆ ಸರಾಸರಿ n/3, ಹೆಸರಿಟ್ಟ ಎಲ್ಲ ವೃಕ್ಷಗಳಿಗೂ ಸಮಾನ ಅವಕಾಶ ಕೊಡುವ ಸಮಸಂಭವ ಮಾದರಿಯಂತೆ ಸುಮಾರು n/4. ಪ್ರಕಟವಾದ ಜೀವವೃಕ್ಷಗಳು ಒಟ್ಟಾರೆ ಈ ಎರಡು ಮಾದರಿಗಳ ನಡುವೆ ಬೀಳುತ್ತವೆ ಎಂದು ಡೇವಿಡ್ ಆಲ್ಡಸ್ ತೋರಿಸಿದ್ದು ಈ ಚರಿತ್ರೆಯ ಅತ್ಯಂತ ಕುತೂಹಲದ ಘಟ್ಟ. ಕಾರಣದ ಬಗ್ಗೆ ವಾದ ಮುಗಿದಿಲ್ಲ. ಅಳತೆಗಳ ಬಳಕೆಯೂ ಹರಡಿದೆ: ಸ್ಯಾಕಿನ್ ಮೊತ್ತ ಕಂಪ್ಯೂಟರಿನಲ್ಲಿ ದತ್ತಾಂಶ ವಿಂಗಡಿಸುವ ‘ಕ್ವಿಕ್‌ಸಾರ್ಟ್’ ವಿಧಾನದ ವಿಶ್ಲೇಷಣೆಯಲ್ಲೂ ತಲೆದೋರುತ್ತದೆ. 2022ರಲ್ಲಿ ಬಂದ ಜೆ1 ಸೂಚ್ಯಂಕ ಎರಡಕ್ಕಿಂತ ಹೆಚ್ಚು ಕವಲುಗಳಿರುವ, ಗಂಟುಗಳಿಗೆ ಗಾತ್ರವಿರುವ ವೃಕ್ಷಗಳಿಗೂ ಒಗ್ಗುವುದರಿಂದ ಕ್ಯಾನ್ಸರ್ ಗಡ್ಡೆಗಳ ವಿಕಾಸದ ಅಧ್ಯಯನಕ್ಕೂ ಹೊಂದುತ್ತದೆ.