ಸ್ಪೇನಿಷ್ ಭಾಷೆಯ ಸಂಕೇತಾರ್ಥ ಕ್ರಿಯಾರೂಪ

‘ಮಳೆ ಬಂದಿದ್ದರೆ ಬೆಳೆ ಆಗುತ್ತಿತ್ತು’ ಎಂಬ ಮಾತಿನಲ್ಲಿ ಮಳೆಯೂ ಬರಲಿಲ್ಲ, ಬೆಳೆಯೂ ಆಗಲಿಲ್ಲ. ಆದರೂ ಕ್ರಿಯಾಪದವು ಭೂತಕಾಲದ ವೇಷವನ್ನು ಧರಿಸಿ ನಿಂತಿರುವುದು. ಹೀಗೆ ನಡೆಯದೆ ಹೋದುದನ್ನು ಹೇಳುವುದಕ್ಕಾಗಿ ಸಂಸ್ಕೃತದಲ್ಲಿ ಲೃಙ್ ಎಂಬ ಪ್ರತ್ಯೇಕ ಲಕಾರವೇ ಉಂಟು. ‘ಅಭವಿಷ್ಯತ್’ ಎಂಬಲ್ಲಿ ಭವಿಷ್ಯತ್ತಿನ ಅಂಗಕ್ಕೆ ಭೂತಕಾಲದ ಅಡಾಗಮವೂ ಪ್ರತ್ಯಯವೂ ಸೇರಿರುವುವು. ಈ ಎರಡು ಕಾಲಗಳ ಬೆಸುಗೆಯನ್ನೇ ಸ್ಪೇನ್ ದೇಶದ ಜನರು, ಪಾಣಿನಿಯ ಹೆಸರನ್ನು ಕೇಳುವುದಕ್ಕೆ ಎಷ್ಟೋ ಮೊದಲು, ಬೇರೊಂದು ದಾರಿಯಿಂದ ಕಂಡುಕೊಂಡರು. ಅವರ ಸಂಕೇತಾರ್ಥ ರೂಪವು ಪಂಡಿತರು ಮಾಡಿದುದಲ್ಲ. ಸಂತೆಯಲ್ಲಿಯೂ ದಂಡಿನಲ್ಲಿಯೂ ಆಡುಮಾತಿನಿಂದ ಹುಟ್ಟಿದುದು.

ಶಿಷ್ಟ ಲ್ಯಾಟಿನ್ನಿನಲ್ಲಿ ಇಂತಹ ರೂಪವಿರಲಿಲ್ಲ. ಅದರ ಭವಿಷ್ಯತ್ಕಾಲವಾದರೂ ಭದ್ರವಾಗಿರಲಿಲ್ಲ. ‘ಪ್ರೀತಿಸುವನು’ ಎಂಬರ್ಥದ ಅಮಾಬಿತ್ ಎಂಬುದೂ ‘ಪ್ರೀತಿಸಿದನು’ ಎಂಬರ್ಥದ ಅಮಾವಿತ್ ಎಂಬುದೂ, ಬಕಾರ ವಕಾರಗಳ ಭೇದವು ನಾಲಗೆಯಲ್ಲಿ ಅಳಿಸಿಹೋದಮೇಲೆ, ಕಿವಿಗೆ ಒಂದೇ ಆದುವು. ಆಗ ಜನರು ಸುತ್ತುದಾರಿಯನ್ನು ಹಿಡಿದರು. ಕಾಂತಾರೇ ಹಾಬೇಓ ಎಂದರೆ ‘ಹಾಡುವುದು ನನ್ನಲ್ಲಿ ಉಂಟು’ ಎಂದು ಅರ್ಥ. ದಕ್ಷಿಣ ಕನ್ನಡದವರಿಗೆ ಇದನ್ನು ವಿವರಿಸಬೇಕಾದುದಿಲ್ಲ; ‘ನನಗೆ ಹೋಗಲಿಕ್ಕುಂಟು’ ಎಂದು ಅವರು ದಿನವೂ ಆಡುವರು. ಅದೇ ಮಾತನ್ನು ಹಿಂದಕ್ಕೆ ಸರಿಸಿ ‘ಹೋಗಲಿಕ್ಕಿತ್ತು’ ಎಂದರೆ ಲ್ಯಾಟಿನ್ನಿನ ಕಾಂತಾರೇ ಹಾಬೇಬಾಂ ಎಂಬುದರ ಜಾಡೇ ದೊರೆಯುವುದು. ಮೊದಲನೆಯದು ಸವೆದು ಸ್ಪೇನಿಷ್ಷಿನ ಕಾಂತಾರೇ, ಎಂದರೆ ‘ಹಾಡುವೆನು’ ಎಂದಾಯಿತು. ಎರಡನೆಯದು ಕಾಂತಾರೀಯಾ, ‘ಹಾಡುತ್ತಿದ್ದೆನು’ ಎಂಬ ಸಂಕೇತಾರ್ಥವಾಯಿತು.

ಈ ಸವೆತದ ಹಳೆಯ ಕುರುಹೊಂದು ವಿನೋದವಾಗಿದೆ. ಏಳನೆಯ ಶತಮಾನದಲ್ಲಿ ಫ್ರಾಂಕರ ನಾಡಿನಲ್ಲಿ ಹುಟ್ಟಿದ, ಫ್ರೆಡೆಗಾರನ ಹೆಸರಿನಲ್ಲಿರುವ ಚರಿತ್ರೆಯಲ್ಲಿ, ಸೋತ ಪಾರಸೀಕ ರಾಜನು ನಾಡನ್ನು ‘ಕೊಡೆನು’ ಎಂದಾಗ ಚಕ್ರವರ್ತಿ ಜಸ್ಟಿನಿಯನನು ‘ದಾರಾಸ್’, ಎಂದರೆ ‘ಕೊಡುವೆ’ ಎಂದನಂತೆ. ಅದರಿಂದಲೇ ಆ ಎಡೆಯ ಪಟ್ಟಣಕ್ಕೆ ದಾರಾಸ್ ಎಂಬ ಹೆಸರು ಬಂದಿತಂತೆ. ದಾರಾ ಪಟ್ಟಣವು ಜಸ್ಟಿನಿಯನನು ಪಟ್ಟಕ್ಕೆ ಬರುವ ಮೊದಲೇ ಇದ್ದಿತು. ಆದುದರಿಂದ ಕಥೆ ಕಟ್ಟುಕಥೆಯೇ. ಆದರೆ ಕಥೆ ಕಟ್ಟಿದವನ ಬಾಯಲ್ಲಿ ಹೊಸ ಭವಿಷ್ಯದ್ರೂಪವು ಆಗಲೇ ನೆಲೆಗೊಂಡಿದ್ದಿತೆಂಬುದು ನಿಜ.

ಮೂಲದಲ್ಲಿ ಎರಡು ಪದಗಳಾದುದರಿಂದ ಸ್ಪೇನಿಷ್ಷಿನ ಈ ರೂಪವು ಕಲಿಯುವವರಿಗೆ ಬಹು ಸುಲಭವು. ಧಾತುಗಳ ಮೂರು ಗಣಗಳಿಗೂ ಪ್ರತ್ಯಯಗಳು ಒಂದೇ: ಈಯಾ, ಈಯಾಸ್, ಈಯಾ, ಈಯಾಮೋಸ್, ಈಯಾಯ್ಸ್, ಈಯಾನ್. ಇವನ್ನು ಪೂರ್ಣ ಭಾವರೂಪದ ಮೇಲೆಯೇ ಹಚ್ಚಿದರೆ ಸಾಕು. ನಿತ್ಯಬಳಕೆಯ ಹನ್ನೆರಡು ಧಾತುಗಳು ಮಾತ್ರ ನಡುವೆ ಕುಗ್ಗುವುವು. ‘ಇಡು’ ಎಂಬರ್ಥದ ಪೊನೆರ್ ಎಂಬುದರಲ್ಲಿ ಎಕಾರವು ಬಿದ್ದುಹೋಗಿ, ನಕಾರ ರೇಫಗಳ ನಡುವೆ ದಕಾರವು ನುಸುಳಿ ಪೊಂದ್ರೀಯಾ ಆಗುವುದು; ‘ಮಾಡು’ ಎಂಬರ್ಥದ ಆಸೆರ್ ಎಂಬುದು ಇನ್ನೂ ಕುಗ್ಗಿ ಆರೀಯಾ ಆಗುವುದು. ಹಳೆಯ ಸ್ಪೇನಿಷ್ಷಿನಲ್ಲಿ ಬೆಸುಗೆ ಇನ್ನೂ ಹಸಿಯಾಗಿದ್ದಿತು. ‘ನಿನಗೆ ಕೊಡುತ್ತಿದ್ದೆನು’ ಎನ್ನಲು ದಾರ್–ತೆ–ಈಯಾ ಎಂದು, ‘ನಿನಗೆ’ ಎಂಬ ಪದವನ್ನು ಧಾತು ಪ್ರತ್ಯಯಗಳ ನಡುವೆ ತೂರಿಸುತ್ತಿದ್ದರು. ಸ್ಪೇನಿಷ್ಷಿನಲ್ಲಿ ಈ ರೂಢಿ ಅಳಿಯಿತು. ೧೯೬೧ರವರೆಗೆ ಗೋವೆಯನ್ನಾಳಿದ ಪೋರ್ತುಗೀಸರ ಭಾಷೆಯಲ್ಲಿ ಮಾತ್ರ ಶಿಷ್ಟ ಬರೆಹದೊಳಗೆ ಇನ್ನೂ ಉಳಿದಿರುವುದು.

೧೪೯೨ನೆಯ ಆಗಸ್ಟ್ ೧೮ರಂದು, ಕೊಲಂಬಸನು ಪಾಲೋಸ್ ಬಂದರನ್ನು ಬಿಟ್ಟು ಹದಿನೈದು ದಿನಗಳಾಗಿದ್ದಾಗ, ಸಾಲಮಾಂಕಾದಲ್ಲಿ ಆಂತೋನಿಯೋ ದೆ ನೆಬ್ರಿಹಾ ಎಂಬ ಪಂಡಿತನ ಕಾಸ್ತೀಲಿಯ ವ್ಯಾಕರಣವು ಅಚ್ಚಾಗಿ ಮುಗಿಯಿತು. ಈ ರೂಪವು ಎರಡು ಪದಗಳ ಸುತ್ತುಮಾತೆಂಬುದನ್ನು ಅವನು ಸ್ಪಷ್ಟವಾಗಿ ಕಂಡಿದ್ದನು. ಆದರೆ ಅದನ್ನು ಕೂರಿಸಲು ಲ್ಯಾಟಿನ್ ವ್ಯಾಕರಣದ ಮಣೆಯನ್ನೇ ಹುಡುಕಿದನು.

ಆ ಮಣೆಯಿಂದ ಅದನ್ನು ಎಬ್ಬಿಸಿದವನು ಆಂದ್ರೇಸ್ ಬೆಲ್ಲೋ. ೧೭೮೧ರಲ್ಲಿ ಕಾರಾಕಾಸಿನಲ್ಲಿ ಹುಟ್ಟಿದ ಈತನು ೧೮೧೦ರಲ್ಲಿ ಬೊಲಿವಾರನೊಡನೆ ರಾಯಭಾರಕ್ಕಾಗಿ ಲಂಡನ್ನಿಗೆ ಹೋಗಿ, ಬಡತನದಲ್ಲಿ ಹತ್ತೊಂಬತ್ತು ವರ್ಷ ಅಲ್ಲಿಯೇ ಕಳೆದು, ೧೮೨೯ರಲ್ಲಿ ಚಿಲಿ ದೇಶವನ್ನು ಸೇರಿದನು. ಅಲ್ಲಿಯ ವಿಶ್ವವಿದ್ಯಾನಿಲಯದ ಮೊದಲ ಅಧ್ಯಕ್ಷನಾದನು. ಅಮೆರಿಕದ ನಾಡುಗಳು ಸ್ಪೇನಿನ ಆಳಿಕೆಯಿಂದ ಬಿಡುಗಡೆಹೊಂದಿ ಒಂದೊಂದೂ ಬೇರೆ ರಾಜ್ಯವಾಗಿದ್ದ ಕಾಲವದು. ರೋಮ್ ಸಾಮ್ರಾಜ್ಯ ಮುರಿದಮೇಲೆ ಲ್ಯಾಟಿನ್ ಹೇಗೆ ಚೂರುಚೂರಾಯಿತೋ ಹಾಗೆಯೇ ತಮ್ಮ ಭಾಷೆಯೂ ಒಡೆದು, ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದಂತಾದೀತೆಂಬ ಭಯವು ಬೆಲ್ಲೋವನ್ನು ಕಾಡಿತು. ೧೮೪೭ರ ಅವನ ವ್ಯಾಕರಣವು ಅಮೆರಿಕದವರ ಬಳಕೆಗೆಂದೇ ಬರೆದುದು. ಭಾಷೆಯನ್ನು ಕಾಪಾಡಬೇಕಾದರೆ ಅದನ್ನು ಅದರ ನಡೆಯಿಂದಲೇ ಅರಿಯಬೇಕು, ಲ್ಯಾಟಿನ್ನಿನ ಎರಕದಲ್ಲಿ ಹೊಯ್ಯಬಾರದು ಎಂಬುದು ಅವನ ಹಟ. ಕೇಶಿರಾಜನ ಕಾಲದಿಂದ ಸಂಸ್ಕೃತದ ಚೌಕಟ್ಟಿನಲ್ಲಿ ಕನ್ನಡವನ್ನು ಕೂಡಿಸಲು ನಡೆದ ಶ್ರಮವನ್ನು ಬಲ್ಲವರಿಗೆ ಈ ಹಟದ ಬೆಲೆ ತಿಳಿದೀತು.

‘ಅವಳು ಬರುವೆನೆಂದಳು’ ಎಂಬಲ್ಲಿ ಸ್ಪೇನಿಷ್ಷಿನವರು ಬರುವ ಕ್ರಿಯೆಯನ್ನು ಈ ರೂಪದಿಂದಲೇ ಹೇಳುವರು. ಎಂದದ್ದು ಹಿಂದೆ, ಬರುವುದು ಆ ಹಿಂದಿನದಕ್ಕೆ ಮುಂದೆ. ಆದುದರಿಂದ ಬೆಲ್ಲೋ ಇದಕ್ಕೆ ಪೋಸ್‌ಪ್ರೆತೇರಿತೋ, ‘ಭೂತೋತ್ತರ’ವೆಂದು ಹೆಸರಿಟ್ಟನು. ನಡೆಯದುದನ್ನು ಹೇಳುವ ಅರ್ಥವು ಅದರ ಲಾಕ್ಷಣಿಕ ಪ್ರಯೋಗವೆಂದೂ, ಇಲ್ಲದುದನ್ನು ಹಿಂದಕ್ಕೆ ತಳ್ಳಿ ತೋರಿಸುವುದೇ ಅದರ ಯುಕ್ತಿಯೆಂದೂ ವಿವರಿಸಿದನು. ಕನ್ನಡದ ‘ಆಗುತ್ತಿತ್ತು’ ಎಂಬುದಕ್ಕೂ ಈ ವಿವರಣೆ ಚೆನ್ನಾಗಿ ಒಪ್ಪುವುದು.

ಬಳಕೆಯಲ್ಲಿ ಒಂದೆರಡು ಸೂಕ್ಷ್ಮಗಳುಂಟು. ‘ಹಣವಿದ್ದಿದ್ದರೆ ಮನೆ ಕೊಳ್ಳುತ್ತಿದ್ದೆ’ ಎಂಬಲ್ಲಿ ಕೊಳ್ಳುವ ಕ್ರಿಯೆಗೆ ಮಾತ್ರ ಈ ರೂಪ. ‘ಇದ್ದಿದ್ದರೆ’ ಎಂಬುದಕ್ಕೆ ತುಬಿಯೆರಾ ಎಂಬ ಬೇರೆ ರೂಪವು ಬರಬೇಕು. ಸ್ಪೇನಿನ ಉತ್ತರದ ಬಾಸ್ಕ್ ಸೀಮೆಯಲ್ಲಿಯೂ ಅದರ ನೆರೆಯಲ್ಲಿಯೂ ಜನರು ಎರಡು ಕಡೆಗೂ ಈಯಾ ಎಂದೇ ಆಡಿ ಮೇಷ್ಟರುಗಳಿಂದ ಬೈಸಿಕೊಳ್ಳುವರು. ಸೆರೀಯಾನ್ ಲಾಸ್ ದಿಯೆಸ್ ಎಂದರೆ ‘ಹತ್ತು ಗಂಟೆಯಾಗಿದ್ದಿರಬಹುದು’ ಎಂಬ ಊಹೆ. ಏನನ್ನಾದರೂ ಬೇಡುವಾಗ ‘ಬೇಕು’ ಎನ್ನದೆ ಕೆರ್ರೀಯಾ, ‘ಬೇಕಾಗಿತ್ತು’ ಎನ್ನುವುದು ಮರ್ಯಾದೆ. ಇದು ಕನ್ನಡಿಗರಿಗೂ ಹೊಸತಲ್ಲ.

ಸ್ಪೇನಿನ ರಾಜಕೀಯ ಅಕಾಡೆಮಿಯ ವ್ಯಾಕರಣವು ೧೯೩೧ರಲ್ಲಿಯೂ ಇದನ್ನು ಪೊತೆನ್ಸಿಯಾಲ್ ಎಂಬ ಪ್ರತ್ಯೇಕ ಅರ್ಥವೆಂದು ಎಣಿಸಿದ್ದಿತು. ೧೯೭೩ರಲ್ಲಿ ಆ ವಿಭಾಗವನ್ನು ಕೈಬಿಟ್ಟು, ಬೆಲ್ಲೋ ಹೇಳಿದ್ದಂತೆಯೇ ನಿಶ್ಚಯಾರ್ಥದ ಕಾಲಗಳ ಸಾಲಿಗೆ ಅದನ್ನು ಸೇರಿಸಿ, ಹೆಸರನ್ನು ಮಾತ್ರ ಕೊಂದಿಸಿಯೊನಾಲ್ ಎಂದಿಟ್ಟಿತು. ಮೆಕ್ಸಿಕೋ ದೇಶದ ಶಾಲೆಗಳಲ್ಲಿ ಮಕ್ಕಳು ಇಂದಿಗೂ ಇದನ್ನು ಪೋಸ್‌ಪ್ರೆತೇರಿತೋ ಎಂದೇ ಕಲಿಯುವರು.