ಒಂದೇ ಮಾತ್ರೆ, ಹಲವು ಚೀಟಿ



ನಮ್ಮ ಮಾಯಸಂದ್ರದ ಕಡೆಯವರು ಕೊಬ್ಬರಿಯನ್ನು ಒಡೆದು, ಮೂಸಿ, ಬಾಯಿಗಿಟ್ಟು ಅದರ ಗುಣವನ್ನು ಹೇಳಬಲ್ಲರು. ಮಾತ್ರೆಯನ್ನು ಹಾಗೆ ಪರೀಕ್ಷಿಸಲಾಗದು. ಅದರ ಗುಣದೋಷಗಳನ್ನು ಜೊತೆಗೆ ಬರುವ ಮಾಹಿತಿ ಚೀಟಿಯೇ ತಿಳಿಸಬೇಕು. ಒಂದೇ ಔಷಧವನ್ನು ಹಲವು ಕಂಪನಿಗಳು ತಯಾರಿಸುವಾಗ ಎಲ್ಲ ಚೀಟಿಗಳೂ ಒಂದೇ ಮಾತನ್ನಾಡುವಂತೆ ನೋಡಿಕೊಳ್ಳುವವರು ಯಾರು? ಈ ಪ್ರಶ್ನೆಗೂ ಒಂದು ಚರಿತ್ರೆಯಿದೆ.

ಕಲಬೆರಕೆ ಔಷಧಗಳ ಹಾವಳಿಯನ್ನು ವಿಚಾರಿಸಲು 1930ರಲ್ಲಿ ಕರ್ನಲ್ ಆರ್. ಎನ್. ಚೋಪ್ರಾ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದು ನೇಮಕವಾಯಿತು. 1940ರಲ್ಲಿ ಔಷಧ ಕಾಯಿದೆಯೂ 1945ರಲ್ಲಿ ಅದರ ನಿಯಮಗಳೂ ಬಂದವು. ಲೇಬಲ್ಲಿನ ಮೇಲೆ ಏನಿರಬೇಕೆಂಬುದು ಕಾನೂನಿನ ವಿಷಯವಾಯಿತು.

1972ರಲ್ಲಿ ಜಾರಿಗೆ ಬಂದ ಪೇಟೆಂಟ್ ಕಾಯಿದೆಯು ಔಷಧಕ್ಕಲ್ಲದೆ ಅದರ ತಯಾರಿಕೆಯ ವಿಧಾನಕ್ಕೆ ಮಾತ್ರ ಹಕ್ಕು ನೀಡಿತು. 2005ರವರೆಗೆ ಈ ವ್ಯವಸ್ಥೆ ನಡೆಯಿತು. ಪರದೇಶದಲ್ಲಿ ಕಂಡುಹಿಡಿದ ಔಷಧಗಳನ್ನು ನಮ್ಮವರು ಬೇರೆ ವಿಧಾನದಿಂದ ತಯಾರಿಸಿ ಅಗ್ಗವಾಗಿ ಕೊಟ್ಟರು. ಬಡವರಿಗೆ ಅದು ದೊಡ್ಡ ಉಪಕಾರ. ಆದರೆ ಒಂದೇ ಔಷಧಕ್ಕೆ ಹತ್ತಾರು ಹೆಸರುಗಳಾದವು. ಹೊಸ ಔಷಧಕ್ಕೆ ಅನುಮತಿ ನೀಡುವುದು ಕೇಂದ್ರ. ತಯಾರಿಕೆಯ ಪರವಾನಗಿ ಕೊಡುವುದು ಬಹುಮಟ್ಟಿಗೆ ಆಯಾ ರಾಜ್ಯ. ಹೀಗಿರುವಾಗ ಎಲ್ಲ ಚೀಟಿಗಳನ್ನು ಏಕರೂಪದಲ್ಲಿಡುವುದು ಸುಲಭವಲ್ಲ.

ಸಕ್ಕರೆ ಕಾಯಿಲೆಯ ಪಯೋಗ್ಲಿಟಾಜೋನ್ ಇದಕ್ಕೆ ನಿದರ್ಶನ. ಮೂತ್ರಕೋಶದ ಕ್ಯಾನ್ಸರಿನ ಶಂಕೆಯಿಂದ ಫ್ರಾನ್ಸ್ 2011ರಲ್ಲಿ ಅದರ ಬಳಕೆಯನ್ನು ನಿಲ್ಲಿಸಿತು. ಭಾರತ ಸರ್ಕಾರ 2013ರ ಜೂನ್‌ನಲ್ಲಿ ಮಾರಾಟವನ್ನು ತಡೆಹಿಡಿಯಿತು. ಜುಲೈ ಅಂತ್ಯದಲ್ಲಿ ಷರತ್ತಿನೊಡನೆ ತಡೆಯನ್ನು ತೆರವುಗೊಳಿಸಿತು. ಇದನ್ನು ಮೊದಲ ಆಯ್ಕೆಯ ಔಷಧವಾಗಿ ಬಳಸಬಾರದು, ಮೂತ್ರಕೋಶದ ಕ್ಯಾನ್ಸರ್ ಇರುವವರಿಗೂ ಹಿಂದೆ ಇದ್ದವರಿಗೂ ಕೊಡಬಾರದು ಎಂಬ ಎಚ್ಚರಿಕೆಯನ್ನು ಚೌಕಟ್ಟಿನೊಳಗೆ ಮುದ್ರಿಸಬೇಕಾಯಿತು. ಈ ಎಚ್ಚರಿಕೆ ಒಂದು ಕಂಪನಿಯ ಚೀಟಿಯಲ್ಲಿದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ, ಅಂಗಡಿ ಬದಲಿಸಿದ ರೋಗಿಯ ಗತಿಯೇನು?

ಅಮೆರಿಕದಲ್ಲಿ 1984ರ ಕಾಯಿದೆಯಂತೆ ಜನರಿಕ್ ಔಷಧದ ಮಾಹಿತಿ ಮೂಲ ಔಷಧದ ಮಾಹಿತಿಯಂತೆಯೇ ಇರಬೇಕು. ಏಕರೂಪತೆಗೂ ಒಂದು ತೊಡಕುಂಟು. ತಾನಾಗಿ ಲೇಬಲ್ಲನ್ನು ಬದಲಿಸಲಾಗದ ಜನರಿಕ್ ಕಂಪನಿಯನ್ನು, ಎಚ್ಚರಿಕೆ ಸಾಲದೆಂಬ ಕಾರಣಕ್ಕೆ ರಾಜ್ಯ ಕಾನೂನಿನಡಿ ಹೊಣೆಯಾಗಿಸಲಾಗದೆಂದು 2011ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಆದ್ದರಿಂದ ಚೀಟಿಗಳು ಒಂದೇ ಆಗಿದ್ದರೆ ಸಾಲದು; ಹೊಸ ಅಪಾಯ ತಿಳಿದಾಗ ಎಲ್ಲವನ್ನೂ ತಿದ್ದಿಸುವ ಹೊಣೆಗಾರರೊಬ್ಬರು ಬೇಕು.

2018ರ ಸೆಪ್ಟೆಂಬರಿನಿಂದ ನಮ್ಮಲ್ಲಿ ಔಷಧದ ಮೂಲ ಹೆಸರನ್ನು ಕಂಪನಿಯಿಟ್ಟ ಹೆಸರಿಗಿಂತ ದೊಡ್ಡ ಅಕ್ಷರದಲ್ಲಿ ಮುದ್ರಿಸಬೇಕೆಂಬ ನಿಯಮ ಬಂದಿದೆ. ಊರಿನಲ್ಲಿ ಹಿರಿಯರಿರುವ ನನ್ನ ಶಿಷ್ಯರಲ್ಲಿ ಒಂದು ವಿನಂತಿ. ಮುಂದಿನ ಸಲ ಬಂದಾಗ ಅವರ ಮಾತ್ರೆಗಳ ಮೂಲ ಹೆಸರುಗಳನ್ನು ಕನ್ನಡದಲ್ಲಿ ದೊಡ್ಡದಾಗಿ ಬರೆದುಕೊಡಿ. ಒಂದೇ ಹೆಸರು ಎರಡು ಪಟ್ಟಿಗಳಲ್ಲಿ ಕಂಡರೆ, ಮಾತ್ರೆ ನುಂಗುವ ಮೊದಲೇ ವೈದ್ಯರನ್ನು ಕೇಳಿರಿ.